ಶಾಸಕ ಜೂಲಿಯನ್ ಬಾಂಡರ ಕಾಗದಪತ್ರಗಳು

ಪ್ರಾಂತೀಯ ಶಾಸನಸಭೆಯ ಸದಸ್ಯನೊಬ್ಬನು ಬಿಟ್ಟುಹೋಗುವ ಕಾಗದಪತ್ರಗಳನ್ನು ಕಂಡು ಇತಿಹಾಸದ ವಿದ್ಯಾರ್ಥಿಯು ಪುಳಕಿತನಾಗುವುದು ಅಪರೂಪ. ಕ್ಷೇತ್ರದ ಜನ ಬರೆದ ಅಹವಾಲುಗಳು, ಅವುಗಳಿಗೆ ಕೊಟ್ಟ ನಾಲ್ಕು ಸಾಲಿನ ಉತ್ತರಗಳು, ಮಂಡಿತವಾಗಿಯೂ ಅಂಗೀಕೃತವಾಗದೆ ಉಳಿದ ಮಸೂದೆಗಳು, ಗೆದ್ದಾಗ ಬಂದ ತಂತಿಗಳು, ಸೋತ ಮೇಲೆ ಬಾರದೆಹೋದ ತಂತಿಗಳು—ಇವುಗಳ ರಾಶಿಯನ್ನು ಯಾವುದೋ ಗ್ರಂಥಾಲಯವು ದಾಕ್ಷಿಣ್ಯಕ್ಕೆ ಸ್ವೀಕರಿಸಿ, ಪೆಟ್ಟಿಗೆಗಳಲ್ಲಿ ತುಂಬಿ, ಪಟ್ಟಿಯೊಂದನ್ನು ಬರೆದಿಟ್ಟು ಸುಮ್ಮನಾಗುವುದೇ ಲೋಕರೂಢಿ. ಅಮೆರಿಕದ ವರ್ಜೀನಿಯ ವಿಶ್ವವಿದ್ಯಾನಿಲಯದ ವಿಶೇಷ ಸಂಗ್ರಹಗಳ ಗ್ರಂಥಾಲಯದಲ್ಲಿ ರಕ್ಷಿತವಾಗಿರುವ ಜೂಲಿಯನ್ ಬಾಂಡರ ಪತ್ರಸಂಗ್ರಹವು ಈ ರೂಢಿಗೆ ಹೊರತಾದುದು. ಬಾಂಡರು ರಾಜ್ಯಪಾಲರಾದವರಲ್ಲ, ರಾಷ್ಟ್ರದ ಕಾಂಗ್ರೆಸ್ಸಿಗೆ ಸ್ಪರ್ಧಿಸಿದರಾದರೂ ಅಲ್ಲಿಗೆ ಸೇರಲಿಲ್ಲ, ಜಾರ್ಜಿಯ ಎಂಬ ಒಂದು ದಾಕ್ಷಿಣಾತ್ಯ ಸಂಸ್ಥಾನದ ಶಾಸನಸಭೆಯಲ್ಲಿ, ಮೊದಲು ಕೆಳಮನೆಯಲ್ಲಿಯೂ ತರುವಾಯ ಮೇಲ್ಮನೆಯಲ್ಲಿಯೂ, ಒಟ್ಟು ಇಪ್ಪತ್ತು ವರ್ಷಗಳ ಕಾಲ ಕುಳಿತಿದ್ದರು, ಅಷ್ಟೆ. ಆದರೂ ಅವರ ಕಾಗದಗಳನ್ನು ವಿದ್ವಾಂಸರು ಒಂದೊಂದಾಗಿ ಬಿಡಿಸಿ ಓದುತ್ತಿರುವುದಕ್ಕೆ ಕಾರಣವುಂಟು. ಶಾಸಕರಾಗುವುದಕ್ಕೆ ಮುನ್ನ ಕಾಗದ ಬರೆಯುವುದೇ ಅವರ ಕಸುಬಾಗಿದ್ದಿತು; ಶಾಸನಸಭೆಯು ಅವರನ್ನು ಹೊರಗಿಟ್ಟುದಾದರೋ ಅವರು ತಾವಾಗಿ ಬರೆಯದಿದ್ದ ಒಂದು ಕಾಗದದ ನಿಮಿತ್ತವಾಗಿ.

ಅಕ್ಷರದ ಅಭಿಮಾನ ಆ ಮನೆತನಕ್ಕೆ ಹೊಸತಲ್ಲ. ತಾತ ಜೇಮ್ಸ್ ಬಾಂಡರು 1863ರಲ್ಲಿ ಗುಲಾಮರಾಗಿ ಹುಟ್ಟಿದವರು. ವಿದ್ಯಾಕಾಂಕ್ಷೆಯಿಂದ ಕೆಂಟಕಿಯ ಬೆರಿಯಾ ಕಾಲೇಜಿಗೆ ನಡೆದುಹೋಗುವಾಗ ಶುಲ್ಕಕ್ಕೆಂದು ಎತ್ತೊಂದನ್ನು ಹೊಡೆದುಕೊಂಡು ಹೋದರೆಂದು ಮೊಮ್ಮಗನು ಸಭೆ ಸಭೆಗಳಲ್ಲಿ ಹೇಳುತ್ತಿದ್ದುದುಂಟು. ಆ ಎತ್ತಿನ ಕಥೆಯಲ್ಲಿ ವಂಶದ ಅಭಿಮಾನವು ಎಷ್ಟು ಪಾಲು ಬೆರೆತಿದೆಯೋ ಬಲ್ಲವರಾರು. ಆದರೆ 1892ರಲ್ಲಿ ಅವರು ಅಲ್ಲಿ ಪದವೀಧರರಾದುದು ನಿಜ. ತಂದೆ ಹೊರೇಸ್ ಮನ್ ಬಾಂಡರು ವಿದ್ಯಾಭ್ಯಾಸದ ಇತಿಹಾಸವನ್ನು ಬರೆದ ಪಂಡಿತರು, ಪೆನ್ಸಿಲ್ವೇನಿಯದ ಲಿಂಕನ್ ವಿಶ್ವವಿದ್ಯಾನಿಲಯಕ್ಕೆ ಅಧ್ಯಕ್ಷರಾದ ಮೊತ್ತಮೊದಲ ಕಪ್ಪುವರ್ಣೀಯರು. 1940ರ ಜನವರಿ 14ರಂದು ನ್ಯಾಷ್‌ವಿಲ್ ನಗರದಲ್ಲಿ ಹುಟ್ಟಿದ ಜೂಲಿಯನ್ ಎಳೆಯ ಮಗುವಾಗಿದ್ದಾಗಲೇ, ಡುಬಾಯ್ಸ್ ಮತ್ತು ಫ್ರೇಜಿಯರ್ ಎಂಬ ಆ ಕಾಲದ ಇಬ್ಬರು ಮಹಾವಿದ್ವಾಂಸರು ತಂದೆಯ ಮನೆಗೆ ಬಂದಿದ್ದ ಸಂದರ್ಭದಲ್ಲಿ, ಅರ್ಧ ವಿನೋದವೂ ಅರ್ಧ ಗಾಂಭೀರ್ಯವೂ ಆದ ಒಂದು ವಿಧಿಯನ್ನು ನಡೆಸಿ ಕೂಸನ್ನು ಪಾಂಡಿತ್ಯಕ್ಕೆ ಸಮರ್ಪಿಸಿಬಿಟ್ಟರಂತೆ. ನಮ್ಮಲ್ಲಿ ಅಕ್ಕಿಯ ಮೇಲೆ ಓಂಕಾರ ಬರೆಸುವುದುಂಟಷ್ಟೆ; ಇದೂ ಅಂಥದೇ ಒಂದು ಅಕ್ಷರಾಭ್ಯಾಸವಾದರೂ ಪುರೋಹಿತರು ಮಾತ್ರ ಜಗತ್ಪ್ರಸಿದ್ಧರು. ತಂದೆಯ ಕಾಗದಗಳು ಇಂದು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದಲ್ಲಿ, ಅದೇ ಡುಬಾಯ್ಸರ ಹೆಸರನ್ನು ಹೊತ್ತ ಗ್ರಂಥಾಲಯದಲ್ಲಿ ಇವೆ. ತಂದೆಯದೊಂದು ಭಂಡಾರ, ಮಗನದೊಂದು ಭಂಡಾರ; ಗುಲಾಮನಾಗಿ ಹುಟ್ಟಿದವನ ವಂಶದಲ್ಲಿ ಎರಡು ತಲೆಮಾರುಗಳ ಒಳಗೆ ಇದು ಕೂಡಿಬಂದಿತು.

ಜೂಲಿಯನ್ ಓದಿದುದು ಅಟ್ಲಾಂಟದ ಮೋರ್‌ಹೌಸ್ ಕಾಲೇಜಿನಲ್ಲಿ. 1960ರ ಮಾರ್ಚಿ 9ರಂದು ಅಲ್ಲಿನ ವಿದ್ಯಾರ್ಥಿಗಳು ಮಾನವ ಹಕ್ಕುಗಳಿಗಾಗಿ ಒಂದು ವಿಜ್ಞಾಪನೆಯನ್ನು ಪತ್ರಿಕೆಗಳಲ್ಲಿ ಅಚ್ಚುಹಾಕಿಸಿದರು. ಆರು ದಿನಗಳ ತರುವಾಯ ನಗರದ ಉಪಾಹಾರಗೃಹಗಳಲ್ಲಿ ಬಿಳಿಯರಿಗೆಂದು ಮೀಸಲಾಗಿದ್ದ ಆಸನಗಳಲ್ಲಿ ಹೋಗಿ ಕುಳಿತು ಬಂಧನಕ್ಕೊಳಗಾದರು. ಆ ವಸಂತದಲ್ಲಿಯೇ ಹುಟ್ಟಿದ ವಿದ್ಯಾರ್ಥಿಗಳ ಅಹಿಂಸಾತ್ಮಕ ಸಮನ್ವಯ ಸಮಿತಿಗೆ—ಸ್ನಿಕ್ ಎಂದು ಅದನ್ನು ಎಲ್ಲರೂ ಕರೆಯುತ್ತಿದ್ದರು—ಬಾಂಡರು ವಾರ್ತಾವಿಭಾಗದ ನಿರ್ದೇಶಕರಾದರು. ಕಾಲೇಜನ್ನು ಅರ್ಧಕ್ಕೆ ಬಿಟ್ಟು, ಪದವಿಯನ್ನು 1971ರಲ್ಲಿ, ಶಾಸಕರಾಗಿ ನಾಲ್ಕು ವರ್ಷಗಳಾದ ಮೇಲೆ, ಮುಗಿಸಿಕೊಂಡರು. ಈ ವಾರ್ತಾವಿಭಾಗವು ಹೇಗೆ ನಡೆಯುತ್ತಿದ್ದಿತೆಂಬುದು ತಿಳಿಯತಕ್ಕ ವಿಷಯ. ಮಿಸಿಸಿಪಿಯ ಯಾವುದೋ ಮೂಲೆಯ ಹಳ್ಳಿಯಲ್ಲಿ ಮತದಾರರ ಪಟ್ಟಿಗೆ ಹೆಸರು ಬರೆಸಲು ಹೋದವನನ್ನು ಪೋಲೀಸರು ಹೊಡೆದರೆ, ಅಲ್ಲಿನ ಕಾರ್ಯಕರ್ತನು ರಾತ್ರಿ ಅಟ್ಲಾಂಟಕ್ಕೆ ದೂರವಾಣಿ ಮಾಡುವನು. ಇಲ್ಲಿ ಒಬ್ಬರು ಕೇಳಿದುದನ್ನು ಕೇಳಿದಂತೆ ಬೆರಳಚ್ಚಿನಲ್ಲಿ ಇಳಿಸುವರು. ಯಾವ ಊರು, ಎಷ್ಟು ಗಂಟೆ, ಯಾರು ಹೊಡೆದರು, ಯಾವ ಸೆರೆಮನೆ—ಇಷ್ಟನ್ನು ಒಳಗೊಂಡ ವರದಿಯು ಪತ್ರಿಕೆಗಳಿಗೂ ಸರ್ಕಾರದ ನ್ಯಾಯಾಂಗ ಇಲಾಖೆಗೂ ಹೋಗುವುದು. ಸ್ಥಳೀಯ ಪತ್ರಿಕೆಗಳು ಮುದ್ರಿಸಲಾರವೆಂಬುದು ಬಾಂಡರಿಗೆ ಗೊತ್ತಿದ್ದಿತು. ವಿಶೇಷಣಗಳನ್ನು ಬಿಟ್ಟು, ಸಂಗತಿಯನ್ನು ಮಾತ್ರ ಹೇಳುವ ಆ ಒಣ ಗದ್ಯವು ಅವರ ಕೈಗೆ ಹತ್ತಿದುದು ಆ ಕಾಲದಲ್ಲಿ, ಕೊನೆಯವರೆಗೂ ಬಿಡಲಿಲ್ಲ. ಆ ರಾತ್ರಿಯ ವರದಿಗಳೇ ಈಗ ಇತಿಹಾಸಕಾರರಿಗೆ ಮೂಲಾಧಾರವಾಗಿವೆ.

ಇನ್ನು ಶಾಸನಸಭೆ. ಜಾರ್ಜಿಯದಲ್ಲಿ ಬಹುಕಾಲದಿಂದ ಹಳ್ಳಿಗಾಡಿನ ಸಣ್ಣ ಕೌಂಟಿಗಳಿಗೆ ಜನಸಂಖ್ಯೆಗೆ ಮೀರಿದ ಬಲವನ್ನು ಕೊಟ್ಟು, ಅಟ್ಲಾಂಟದಂಥ ನಗರದ ಧ್ವನಿಯನ್ನು ಕುಗ್ಗಿಸುವ ವ್ಯವಸ್ಥೆಯೊಂದು ಬೇರೂರಿದ್ದಿತು. ಒಬ್ಬನಿಗೆ ಒಂದೇ ಮತ, ಮತಕ್ಕೆ ಒಂದೇ ಬೆಲೆ ಎಂದು ರಾಷ್ಟ್ರದ ಸರ್ವೋಚ್ಚ ನ್ಯಾಯಾಲಯವು 1960ರ ದಶಕದ ಪೂರ್ವಾರ್ಧದಲ್ಲಿ ವಿಧಿಸಿದ ಮೇಲೆ ಕ್ಷೇತ್ರಗಳನ್ನು ಮರುವಿಂಗಡಿಸಬೇಕಾಯಿತು. ಹಾಗೆ ಹೊಸದಾಗಿ ಗೆರೆಯೆಳೆದ, ಅಟ್ಲಾಂಟ ನಗರದ 136ನೆಯ ಕ್ಷೇತ್ರದಿಂದ ಬಾಂಡರು 1965ರ ಜೂನ್ ತಿಂಗಳ ವಿಶೇಷ ಚುನಾವಣೆಯಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮತಗಳನ್ನು ಪಡೆದು ಆರಿಸಿಬಂದರು. ಮನೆಮನೆಯ ಬಾಗಿಲು ತಟ್ಟಿ, ನಿಮಗೇನು ಬೇಕೆಂದು ಕೇಳಿ, ಅದನ್ನೇ ತನ್ನ ಪ್ರಣಾಳಿಕೆ ಮಾಡಿಕೊಂಡ ಚುನಾವಣೆ ಅದು. ವಯಸ್ಸು ಇಪ್ಪತ್ತೈದು.

1966ರ ಜನವರಿ 3ರ ರಾತ್ರಿ ಅಲಬಾಮದ ಟಸ್ಕೀಗಿಯಲ್ಲಿ, ನೌಕಾಪಡೆಯಲ್ಲಿ ಸೇವೆ ಸಲ್ಲಿಸಿ ಮರಳಿ ವಿದ್ಯಾರ್ಥಿಯಾಗಿದ್ದ ಸ್ಯಾಮಿ ಯಂಗ್ ಎಂಬ ಇಪ್ಪತ್ತೊಂದು ವರ್ಷದ ಕಪ್ಪು ತರುಣನನ್ನು ಪೆಟ್ರೋಲ್ ಅಂಗಡಿಯೊಂದರಲ್ಲಿ ಬಿಳಿಯರ ಶೌಚಾಲಯದ ವಿಷಯವಾಗಿ ಎದ್ದ ಜಗಳದಲ್ಲಿ ಗುಂಡಿಟ್ಟು ಕೊಂದರು. ಮೂರು ದಿನಗಳ ತರುವಾಯ ಸ್ನಿಕ್ ಸಂಸ್ಥೆಯು ವಿಯೆಟ್ನಾಮ್ ಯುದ್ಧವನ್ನು ಖಂಡಿಸಿ ಹೇಳಿಕೆಯೊಂದನ್ನು ಹೊರಡಿಸಿತು: ಈ ತರುಣನ ಕೊಲೆಗೂ ವಿಯೆಟ್ನಾಮಿನ ರೈತರ ಕೊಲೆಗೂ ಭೇದವಿಲ್ಲವೆಂದೂ, ಸೈನ್ಯಕ್ಕೆ ಕರೆಬಂದಾಗ ಹೋಗಲೊಲ್ಲದವರ ಬಗೆಗೆ ತಮಗೆ ಸಹಾನುಭೂತಿಯುಂಟೆಂದೂ ಅದರ ತಾತ್ಪರ್ಯ. ಸಂಸ್ಥೆಯ ಅಧ್ಯಕ್ಷರಾಗಿ ಅದನ್ನು ಹೊರಡಿಸಿದವರು ಜಾನ್ ಲೂಯಿಸರು; ಈ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕಾಗಿ ಪ್ರಾರ್ಥನೆ. ಬಾಂಡರು ಅದನ್ನು ಬರೆದವರಲ್ಲ. ಸಂಸ್ಥಾನದ ಒಡೆತನದಲ್ಲಿದ್ದ ಬಾನುಲಿ ಕೇಂದ್ರದ ವರದಿಗಾರನೊಬ್ಬನು ದೂರವಾಣಿಯಲ್ಲಿ ಒಪ್ಪುವಿರೋ ಎಂದು ಕೇಳಲು, ಒಪ್ಪುತ್ತೇನೆಂದು ಹೇಳಿದರು.

ಇಷ್ಟು ಸಾಕಾಯಿತು. ಎಪ್ಪತ್ತೈದು ಮಂದಿ ಸದಸ್ಯರು ಆಕ್ಷೇಪಣೆಗೆ ಸಹಿ ಹಾಕಿದರು. ಜನವರಿ 10ರಂದು ಸಭೆ ಸೇರಿ ಉಳಿದವರೆಲ್ಲ ಎದ್ದುನಿಂತು ಪ್ರಮಾಣ ಸ್ವೀಕರಿಸುವಾಗ, ಬಾಂಡರನ್ನು ಒತ್ತಟ್ಟಿಗೆ ಕುಳಿತಿರುವಂತೆ ಸಭೆಯ ಕಾರ್ಯದರ್ಶಿ ಸೂಚಿಸಿದನು. ಅದೇ ದಿನ ವಿಚಾರಣೆ ನಡೆಯಿತು. ಸೈನ್ಯದ ಕರೆಯ ಚೀಟಿಯನ್ನು ಸುಡುವವರ ಎದೆಗಾರಿಕೆಯನ್ನು ತಾವು ಮೆಚ್ಚುವುದಾಗಿಯೂ, ಆದರೆ ತಾವಾಗಿ ಸುಟ್ಟಿಲ್ಲವೆಂದೂ, ಸುಡೆಂದು ಯಾರಿಗೂ ಬೋಧಿಸಿಲ್ಲವೆಂದೂ, ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣವನ್ನು ಸ್ವೀಕರಿಸಲು ಸಿದ್ಧವೆಂದೂ ಅವರು ಹೇಳಿದರು. ಸಭೆಗೆ ಇದು ಒಪ್ಪಿಗೆಯಾಗಲಿಲ್ಲ. 12ಕ್ಕೆ ಎದುರಾಗಿ 184 ಮತಗಳಿಂದ ಅವರನ್ನು ಹೊರಗಿಟ್ಟಿತು. ಪ್ರಮಾಣವನ್ನು ಮಾಡಲೊಲ್ಲೆನೆಂದವನನ್ನು ಹೊರಗಿಡುವುದು ಅರ್ಥವಾಗುವ ಮಾತು. ಮಾಡುತ್ತೇನೆ ಎಂದವನ ಅಂತಃಕರಣವನ್ನು ತೂಗಿ ನೋಡಿ, ಇವನು ಮನಃಪೂರ್ವಕವಾಗಿ ಮಾಡಲಾರನೆಂದು ಬಹುಮತದಿಂದ ನಿರ್ಣಯಿಸುವುದು ಸರ್ವಜ್ಞತ್ವದ ಅಧಿಕಾರವನ್ನು ಶಾಸನಸಭೆಗೆ ಆರೋಪಿಸಿಕೊಂಡಂತೆ.

ಜಾರ್ಜಿಯದ ಸಭೆಗೆ ಈ ವಿದ್ಯೆ ಹೊಸದೇನೂ ಆಗಿರಲಿಲ್ಲ. ಅಂತರ್ಯುದ್ಧವು ಮುಗಿದು ಗುಲಾಮಗಿರಿ ಅಳಿದ ಮೇಲೆ, 1868ರಲ್ಲಿ, ಪ್ರಥಮವಾಗಿ ಚುನಾಯಿತರಾದ ಕಪ್ಪು ಸದಸ್ಯರನ್ನು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಭೆಯು ಹೊರದೂಡಿದ್ದಿತು. ಮತ ಹಾಕುವ ಹಕ್ಕು ಅವರಿಗಿದ್ದರೂ ಅಧಿಕಾರಸ್ಥಾನದಲ್ಲಿ ಕುಳಿತುಕೊಳ್ಳುವ ಹಕ್ಕು ಎಲ್ಲಿಯೂ ಬರೆದಿಲ್ಲವೆಂಬುದು ಆಗಿನ ತರ್ಕ. ಹೆನ್ರಿ ಮೆಕ್‌ನೀಲ್ ಟರ್ನರ್ ಎಂಬ ಪಾದ್ರಿ ಸದಸ್ಯರು ಅಂದು ಸಭೆಯಲ್ಲಿ ಮಾಡಿದ ಭಾಷಣವು ಅಮೆರಿಕದ ವಾಗ್ಮಿತೆಯ ಚರಿತ್ರೆಯಲ್ಲಿ ಉಳಿದಿದೆ. 1870ರಲ್ಲಿ ಅವರನ್ನು ಮರಳಿ ಕರೆಸಿಕೊಂಡರಾದರೂ, ಶತಮಾನ ತಿರುಗುವ ವೇಳೆಗೆ ಕಪ್ಪುವರ್ಣೀಯರ ಮತದ ಹಕ್ಕೇ ಹೆಸರಿಗೆ ಮಾತ್ರವಾಗುತ್ತ ಬಂದು, 1907ರ ನಂತರ 1962ರವರೆಗೆ ಆ ಸಭೆಯಲ್ಲಿ ಕಪ್ಪು ಮುಖವೊಂದು ಕಾಣಿಸಲಿಲ್ಲ. ಇಂದು ಅಟ್ಲಾಂಟದ ಶಾಸನಭವನದ ಅಂಗಳದಲ್ಲಿ 1868ರ ಆ ಬಹಿಷ್ಕೃತರ ಸ್ಮಾರಕಶಿಲ್ಪವಿದೆ. ಅದನ್ನು ನಿಲ್ಲಿಸಿದುದು 1978ರಲ್ಲಿ, ಬಾಂಡರು ಮೇಲ್ಮನೆಯ ಸದಸ್ಯರಾಗಿದ್ದ ಕಾಲದಲ್ಲಿ.

ಬಾಂಡರನ್ನು ಹೊರಗಿಟ್ಟ ನಾಲ್ಕೇ ದಿನಗಳಲ್ಲಿ ಪೌರಹಕ್ಕುಗಳ ಆಂದೋಲನದ ನಾಯಕ ಮಾರ್ಟಿನ್ ಲೂಥರ್ ಕಿಂಗರು ಶಾಸನಭವನಕ್ಕೆ ಮೆರವಣಿಗೆ ನಡೆಸಿದರು. ಅವರ ನಿವಾಸವೂ ಬಾಂಡರ ಕ್ಷೇತ್ರದಲ್ಲಿಯೇ ಇದ್ದುದರಿಂದ, ಪ್ರತಿನಿಧಿಯನ್ನು ಕಳೆದುಕೊಂಡ ಮತದಾರರೆಂಬ ನೆಲೆಯಲ್ಲಿ ವ್ಯಾಜ್ಯಕ್ಕೆ ತಾವೂ ಸೇರಿದರು. ಕೆಳಗಣ ನ್ಯಾಯಾಲಯದಲ್ಲಿ ಮೂವರ ಪೈಕಿ ಇಬ್ಬರು ನ್ಯಾಯಾಧೀಶರು ಸಭೆಯ ಪರವಾಗಿ ತೀರ್ಪಿತ್ತರು. ಅತ್ತ ತೆರವಾದ ಸ್ಥಾನಕ್ಕೆ ಫೆಬ್ರವರಿಯಲ್ಲಿ ಮತ್ತೆ ಚುನಾವಣೆ, ಬಾಂಡರೇ ಗೆದ್ದರು. ಮೇ ತಿಂಗಳಿನಲ್ಲಿ ಸಭೆಯ ನಿಯಮಸಮಿತಿಯು ಅವರನ್ನು ಕರೆಸಿ, ಆಡಿದ ಮಾತನ್ನು ಹಿಂತೆಗೆದುಕೊಳ್ಳುವಿರಾ ಎಂದು ಕೇಳಿತು, ಇಲ್ಲವೆಂದರು, ಬಾಗಿಲು ಮುಚ್ಚಿಯೇ ಇದ್ದಿತು. ನವೆಂಬರಿನ ಸಾಮಾನ್ಯ ಚುನಾವಣೆಯಲ್ಲಿ ಮೂರನೆಯ ಸಲ ಗೆದ್ದರು. ಒಂದೂವರೆ ವರ್ಷದಲ್ಲಿ ಮೂರು ಬಾರಿ ಆಯ್ಕೆಯಾಗಿ ಒಂದು ದಿನವೂ ಕುಳಿತುಕೊಳ್ಳದ ಶಾಸಕರು ಪ್ರಪಂಚದಲ್ಲಿ ಬಹಳ ಮಂದಿ ಇರಲಾರರು.

1966ರ ಡಿಸೆಂಬರ್ 5ರಂದು ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶ ಅರ್ಲ್ ವಾರನ್ನರು ಏಕಾಭಿಪ್ರಾಯದ ತೀರ್ಪನ್ನು ಓದಿದರು. ಪ್ರಮಾಣವನ್ನು ವಿಧಿಸುವ ಅಧಿಕಾರ ಸಭೆಗಿದೆ, ಅದರ ಪ್ರಾಮಾಣಿಕತೆಯನ್ನು ಅಳೆಯುವ ನೆಪದಿಂದ ಭಿನ್ನಮತವನ್ನು ಹತ್ತಿಕ್ಕುವ ಅಧಿಕಾರವಿಲ್ಲ. ಸಾಮಾನ್ಯ ಪ್ರಜೆಗೆ ಸರ್ಕಾರವನ್ನು ಟೀಕಿಸುವ ಸ್ವಾತಂತ್ರ್ಯ ಎಷ್ಟಿದೆಯೋ ಶಾಸಕನಿಗೆ ಅದಕ್ಕಿಂತ ಕಡಮೆಯಾದುದಲ್ಲ, ವಿವಾದಾಸ್ಪದ ವಿಷಯಗಳಲ್ಲಿ ತನ್ನ ನಿಲುವನ್ನು ಮತದಾರರಿಗೆ ತಿಳಿಸುವುದು ಅವನ ಕರ್ತವ್ಯವೇ ಆಗಿದೆ—ಇದು ತೀರ್ಪಿನ ಸಾರ. ನ್ಯಾಯಗ್ರಂಥಗಳಲ್ಲಿ ಈ ವ್ಯಾಜ್ಯಕ್ಕೆ ಬಾಂಡ್ ವಿರುದ್ಧ ಫ್ಲಾಯ್ಡ್ ಎಂದು ಹೆಸರು. ಪ್ರತಿವಾದಿಯಾಗಿ ಹೆಸರಿಸಲ್ಪಟ್ಟ ಶಾಸಕ ಜೇಮ್ಸ್ ಫ್ಲಾಯ್ಡರ ಸ್ಮರಣಾರ್ಥವಾಗಿ ಶಾಸನಭವನದ ಬಳಿ ಸರ್ಕಾರಿ ಕಚೇರಿಗಳ ಜೋಡಿ ಗೋಪುರವೊಂದು ನಿಂತಿದೆ. ಆದರೆ ದೇಶದ ಕಾನೂನು ವಿದ್ಯಾರ್ಥಿಗಳು ಆ ಹೆಸರನ್ನು ಉಚ್ಚರಿಸುವುದು ಬಾಂಡರ ಹೆಸರಿನ ಬೆನ್ನಿಗೆ ಮಾತ್ರ.

ಹೊರಗಿದ್ದ ಆ ಕಾಲವನ್ನು ವ್ಯರ್ಥವಾಗಿ ಕಳೆಯಲಿಲ್ಲವೆಂಬುದಕ್ಕೆ ಒಂದು ವಿಚಿತ್ರವಾದ ಸಾಕ್ಷ್ಯವಿದೆ. 1967ರಲ್ಲಿ, ಟಿ. ಜಿ. ಲೂಯಿಸ್ ಎಂಬ ಕಲಾವಿದರ ಚಿತ್ರಗಳೊಡನೆ, ವಿಯೆಟ್ನಾಮ್ ಯುದ್ಧದ ಹಿನ್ನೆಲೆಯನ್ನು ಕಪ್ಪು ಓದುಗರಿಗೆ ತಿಳಿಯಹೇಳುವ ಚಿತ್ರಕಥೆಯೊಂದನ್ನು ಬಾಂಡರು ಬರೆದು ಪ್ರಕಟಿಸಿದರು. ಯಾವ ಮಾತಿಗಾಗಿ ತನ್ನನ್ನು ಹೊರಗಿಟ್ಟರೋ ಆ ಮಾತನ್ನು ತಗ್ಗಿಸಿ ಹೇಳುವುದರ ಬದಲು, ಹೆಚ್ಚು ಓದು ಬಾರದವರಿಗೂ ಅರ್ಥವಾಗುವಂತೆ ಚಿತ್ರ ಸಹಿತವಾಗಿ ಹೇಳಿದರು. ಪಂಡಿತನ ಮಗನು ಇಂಥ ಕೆಲಸಕ್ಕೆ ಕೈಯಿಕ್ಕಿದುದನ್ನು ನಾನು ಅವರ ಸಮಸ್ತ ಭಾಷಣಗಳಿಗಿಂತ ಮಿಗಿಲಾಗಿ ಗೌರವಿಸುತ್ತೇನೆ.

1967ರ ಜನವರಿ 9ರಂದು ಕಡೆಗೂ ಪ್ರಮಾಣವಾಯಿತು. ಮರುದಿನವೇ ಅದೇ ಶಾಸನಸಭೆಯು, ಚುನಾವಣೆಯಲ್ಲಿ ಯಾರಿಗೂ ಪೂರ್ಣ ಬಹುಮತ ಬಾರದ ಕಾರಣ, ಲೆಸ್ಟರ್ ಮ್ಯಾಡಕ್ಸ್ ಎಂಬಾತನನ್ನು ರಾಜ್ಯಪಾಲನನ್ನಾಗಿ ಆರಿಸಿತು. ಕಪ್ಪು ಜನ ತನ್ನ ಉಪಾಹಾರಗೃಹದೊಳಕ್ಕೆ ಬಾರದಂತೆ ಕೊಡಲಿಯ ಹಿಡಿಗಳೊಡನೆ ಬಾಗಿಲು ಕಾದು ಪ್ರಸಿದ್ಧನಾಗಿದ್ದವನು ಆತ. 1968ರಲ್ಲಿ ಷಿಕಾಗೋ ನಗರದ ಡೆಮೊಕ್ರಾಟಿಕ್ ಮಹಾಧಿವೇಶನದಲ್ಲಿ, ಆತನ ಬಳಗದಿಂದ ಕೂಡಿದ ಜಾರ್ಜಿಯ ಪ್ರತಿನಿಧಿಮಂಡಳಿಗೆ ಎದುರಾಗಿ ಬಾಂಡರು ಬೇರೊಂದು ಮಂಡಳಿಯನ್ನು ಕರೆದೊಯ್ದು ಅರ್ಧದಷ್ಟು ಸ್ಥಾನಗಳನ್ನು ಪಡೆದುದೂ, ಉಪಾಧ್ಯಕ್ಷ ಪದವಿಗೆ ಅವರ ಹೆಸರನ್ನು ಸೂಚಿಸಲಾಗಿ, ಸಂವಿಧಾನವು ಬೇಡುವ ಮೂವತ್ತೈದು ವರ್ಷ ತನಗೆ ತುಂಬಿಲ್ಲವೆಂದು ಹಿಂದೆ ಸರಿದುದೂ ಎಲ್ಲರೂ ಬಲ್ಲ ಸಂಗತಿಗಳು.

ಇಷ್ಟು ಕೀರ್ತಿಯ ತರುವಾಯ ಜಾರ್ಜಿಯದ ಸಭೆಗೆ ಮರಳಿ ಕುಳಿತುಕೊಳ್ಳುವುದು ಹೇಗೆ? ಈ ಪ್ರಶ್ನೆಗೆ ಉತ್ತರವಾಗಿ ಅವರ ಜೀವನದ ಮುಂದಿನ ಎರಡು ದಶಕಗಳಿವೆ. ಇವನ್ನು ಕುರಿತು ಬರೆದವರು ಕಡಮೆ. ಜಾರ್ಜಿಯದ ಶಾಸನಸಭೆ ವರ್ಷಕ್ಕೆ ನಲವತ್ತು ದಿನ ಮಾತ್ರ ಸೇರತಕ್ಕದ್ದು. ವೇತನವೂ ಅದಕ್ಕೆ ತಕ್ಕಷ್ಟೆ. ಉಳಿದ ಕಾಲದಲ್ಲಿ ಸದಸ್ಯರು ಬೇಸಾಯವನ್ನೋ ವಕೀಲಿಯನ್ನೋ ವ್ಯಾಪಾರವನ್ನೋ ನೋಡಿಕೊಳ್ಳುವರು. ಬಾಂಡರ ವೃತ್ತಿ ಉಪನ್ಯಾಸ. ಕಾಲೇಜಿನಿಂದ ಕಾಲೇಜಿಗೆ ಸಂಚರಿಸುತ್ತಿದ್ದರು. ಬಡಜನರ ಹಕ್ಕುಗಳಿಗಾಗಿ ನ್ಯಾಯಾಲಯದಲ್ಲಿ ವಾದಿಸಲು 1971ರಲ್ಲಿ ಸ್ಥಾಪಿತವಾದ ದಾಕ್ಷಿಣಾತ್ಯ ಕಾನೂನು ಕೇಂದ್ರಕ್ಕೆ ಪ್ರಥಮಾಧ್ಯಕ್ಷರೂ ಆದರು. ಊರಲ್ಲಿ ಇರುವುದಕ್ಕಿಂತ ಊರ ಹೊರಗೆ ಇರುವುದೇ ಹೆಚ್ಚು ಎಂಬ ಆಕ್ಷೇಪಣೆ ಸ್ವಕ್ಷೇತ್ರದಲ್ಲಿಯೇ ಕೇಳಿಬಂದಿತು. ಅದು ಪೂರ್ಣವಾಗಿ ನಿರಾಧಾರವೆಂದು ನನಗೆ ತೋರುವುದಿಲ್ಲ. ಆದರೂ ಕಡಮೆ ವರಮಾನದವರಿಗೆ ಅಲ್ಪ ಬಡ್ಡಿಯ ಗೃಹಸಾಲದಂಥ ಶಾಸನಗಳಲ್ಲಿ ಅವರ ಕೈಯಿತ್ತು; 1975ರಲ್ಲಿ ಮೇಲ್ಮನೆಗೆ ಹೋದ ಬಳಿಕ ಗ್ರಾಹಕ ವ್ಯವಹಾರಗಳ ಸಮಿತಿಗೂ, ಅಟ್ಲಾಂಟವನ್ನೊಳಗೊಂಡ ಫುಲ್ಟನ್ ಕೌಂಟಿಯ ಸದಸ್ಯಮಂಡಳಿಗೂ ಅಧ್ಯಕ್ಷರಾದರು. ಒಂದು ಕಾಲದಲ್ಲಿ ಒಳಗೆ ಬರಗೊಡದಿದ್ದ ಸಂಸ್ಥೆಯ ನಿಯಮಾವಳಿಯನ್ನು ಕಂಠಪಾಠ ಮಾಡಿ, ತಿದ್ದುಪಡಿಗೆ ಪ್ರತಿತಿದ್ದುಪಡಿ ಹೂಡುತ್ತ ಕಳೆದ ವರ್ಷಗಳಿವು, ಪತ್ರಿಕೆಗೆ ತಲೆಬರಹವಾಗುವಂಥವಲ್ಲ.

ಅವುಗಳಲ್ಲಿ ಒಂದು ಮಾತ್ರ ತಲೆಬರಹವಾಯಿತು. 1980ರ ಜನಗಣತಿಯ ನಂತರ ಕಾಂಗ್ರೆಸ್ಸಿನ ಕ್ಷೇತ್ರಗಳನ್ನು ಮತ್ತೆ ವಿಂಗಡಿಸಬೇಕಾಗಿ ಬರಲು, ಅಟ್ಲಾಂಟದ ಐದನೆಯ ಕ್ಷೇತ್ರವನ್ನು ಕಪ್ಪುವರ್ಣೀಯರೇ ನೂರಕ್ಕೆ 69ರಷ್ಟಿರುವಂತೆ ರೂಪಿಸಬೇಕೆಂದು ಬಾಂಡರು ಮೇಲ್ಮನೆಯಲ್ಲಿ ಮಸೂದೆ ತಂದರು. ಕಪ್ಪು ವಸತಿಗಳನ್ನು ಎರಡಾಗಿ ಸೀಳಿ ಅವುಗಳ ಮತವನ್ನು ನಿಷ್ಫಲಗೊಳಿಸುವುದು ಎಂದಿನ ಪದ್ಧತಿ. ಸಭೆಯ ಬಹುಮತ ಒಪ್ಪಲಿಲ್ಲ. ವಿಂಗಡಣೆಯ ಹೊಣೆ ಹೊತ್ತಿದ್ದ ಕೆಳಮನೆಯ ಸಮಿತಿಯ ಅಧ್ಯಕ್ಷನು ಆಡಿದ ವರ್ಣನಿಂದೆಯ ಮಾತುಗಳು ನ್ಯಾಯಾಲಯದ ದಾಖಲೆಗೇ ಸೇರಿದವು. ಮತದಾನದ ಹಕ್ಕಿನ ಕಾಯಿದೆಯಂತೆ ವಾಷಿಂಗ್‌ಟನ್ನಿನ ನ್ಯಾಯಾಲಯವು 1982ರಲ್ಲಿ ಸಭೆಯ ನಕ್ಷೆಯನ್ನು ತಳ್ಳಿಹಾಕಿತು. ಹೊಸ ನಕ್ಷೆಯಲ್ಲಿ ಕಪ್ಪುವರ್ಣೀಯರ ಪ್ರಮಾಣ ಸುಮಾರು ಶೇಕಡಾ 65ಕ್ಕೆ ಏರಿತು.

ಆ ಕ್ಷೇತ್ರ ಬಾಂಡರಿಗಾಗಿಯೇ ಸಿದ್ಧವಾದುದೆಂದು ಎಲ್ಲರೂ ಭಾವಿಸಿದ್ದರು. 1986ರಲ್ಲಿ ಅಲ್ಲಿನ ಬಿಳಿಯ ಪ್ರತಿನಿಧಿ ಸೆನೆಟ್ಟಿಗೆ ನಿಲ್ಲಲು ಹೋದಾಗ, ಬಾಂಡರು ತಮ್ಮ ಸ್ಥಾನವನ್ನು ಬಿಟ್ಟು ಕಣಕ್ಕಿಳಿದರು. ಎದುರಾಳಿಯಾಗಿ ನಿಂತವರು ಜಾನ್ ಲೂಯಿಸ್. ಇಪ್ಪತ್ತು ವರ್ಷಗಳ ಹಿಂದೆ ಆ ಯುದ್ಧವಿರೋಧಿ ಹೇಳಿಕೆಯನ್ನು ಹೊರಡಿಸಿದವರು, ಅನಂತರ ದಕ್ಷಿಣದ ಹಳ್ಳಿಗಳಲ್ಲಿ ಬಾಂಡರೊಡನೆ ಒಂದೇ ಕಾರಿನಲ್ಲಿ ತಿರುಗಿ ಮತದಾರರನ್ನು ಪಟ್ಟಿಗೆ ಸೇರಿಸಿದ ಆಪ್ತಮಿತ್ರರು. ಬಾಂಡರದು ಪಂಡಿತವಂಶ, ಸುಂದರ ರೂಪ, ಲಲಿತವಾದ ಮಾತು. ಲೂಯಿಸರು ಅಲಬಾಮದ ಗೇಣಿ ರೈತನ ಮಗ, ಮಾತು ಮುಗ್ಗರಿಸುವ ಮನುಷ್ಯ, ಸೆಲ್ಮದ ಸೇತುವೆಯ ಮೇಲೆ ಪೋಲೀಸರಿಂದ ತಲೆಯೊಡೆಸಿಕೊಂಡವರು. ಮೊದಲ ಸುತ್ತಿನಲ್ಲಿ ಬಾಂಡರಿಗೆ ನೂರಕ್ಕೆ 47, ಲೂಯಿಸರಿಗೆ 35. ಸೆಪ್ಟೆಂಬರ್ 2ರ ನಿರ್ಣಾಯಕ ಸುತ್ತಿನಲ್ಲಿ, ಮಾದಕ ವಸ್ತುಗಳ ಪರೀಕ್ಷೆಗೆ ಒಳಗಾಗುವಿರಾ ಎಂಬ ಸವಾಲಿನವರೆಗೂ ಕಹಿಯೇರಿದ ಮೇಲೆ, ಲೂಯಿಸರು 52ಕ್ಕೆ 48ರಂತೆ ಗೆದ್ದರು. ಕಪ್ಪು ಮತದಾರರಲ್ಲಿ ಹೆಚ್ಚಿನವರು ಬಾಂಡರ ಕಡೆಗಿದ್ದರು. ಬಿಳಿಯ ಮತದಾರರು ಬಹುಮಟ್ಟಿಗೆ ಲೂಯಿಸರ ಕಡೆಗೆ. ತಾನು ಹೋರಾಡಿ ಗಳಿಸಿದ ಕ್ಷೇತ್ರದಲ್ಲಿ, ತಾನು ಸಮರ್ಥಿಸಿ ಪೀಠ ಕಳೆದುಕೊಂಡ ಹೇಳಿಕೆಯನ್ನು ಹೊರಡಿಸಿದವರಿಂದಲೇ ಸೋಲುವುದು! ಲೂಯಿಸರು 2020ರಲ್ಲಿ ತೀರಿಕೊಳ್ಳುವವರೆಗೂ ಆ ಸ್ಥಾನದಲ್ಲಿದ್ದರು. ಬಾಂಡರು ಮತ್ತೆ ಯಾವ ಚುನಾವಣೆಗೂ ನಿಲ್ಲಲಿಲ್ಲ. 1998ರಿಂದ 2010ರವರೆಗೆ ಕಪ್ಪು ಜನರ ಅತ್ಯಂತ ಹಳೆಯ ಹಕ್ಕುಸಂಸ್ಥೆಗೆ ಅಧ್ಯಕ್ಷರಾಗಿದ್ದು, 2015ರ ಆಗಸ್ಟ್ 15ರಂದು ನಿಧನರಾದರು.

ಕಾಗದಗಳು ಜಾರ್ಜಿಯದಲ್ಲಿ ಉಳಿಯದೆ ವರ್ಜೀನಿಯಕ್ಕೆ ಹೋಗಿ ಸೇರಿದುದು, ಬಾಂಡರು 1990ರಿಂದ ಎರಡು ದಶಕಗಳಿಗೂ ಮೀರಿ ಅಲ್ಲಿ ಇತಿಹಾಸದ ಅಧ್ಯಾಪಕರಾಗಿದ್ದುದರಿಂದ. ಗುಲಾಮರನ್ನಿಟ್ಟುಕೊಂಡಿದ್ದ ಜೆಫರ್‌ಸನ್ ಸ್ಥಾಪಿಸಿದ ವಿದ್ಯಾಲಯದಲ್ಲಿ ಗುಲಾಮನ ಮೊಮ್ಮಗನು ಪೌರಹಕ್ಕುಗಳ ಚರಿತ್ರೆಯನ್ನು ಬೋಧಿಸಿದನೆಂಬುದು ಆ ಊರಿನವರೇ ಆಗಾಗ ಆಡಿಕೊಳ್ಳುವ ಮಾತು. ಅಲ್ಲಿನ ವುಡ್ಸನ್ ಅಧ್ಯಯನ ಸಂಸ್ಥೆಯವರು ಸಂಗ್ರಹದ ಸಂಪಾದನೆಗೆ ತೊಡಗಿ, ಪ್ರಥಮತಃ ಭಾಷಣಗಳನ್ನು ಕೈಗೆತ್ತಿಕೊಂಡರು. 2018ರಲ್ಲಿ, ಬಾಂಡರ ಪುಣ್ಯದಿನದಂದು, ಊರಿನ ಸಾಮಾನ್ಯ ಜನರನ್ನು ಗ್ರಂಥಾಲಯಗಳಿಗೂ ಕಾಫಿಯಂಗಡಿಗಳಿಗೂ ಕರೆದು, ಮೂಲಪುಟಗಳ ಚಿತ್ರಗಳನ್ನು ಎದುರಿಗಿಟ್ಟು, ಅಕ್ಷರಕ್ಕಕ್ಷರ ಪ್ರತಿ ಮಾಡಿಸಿದರು. ಆ ಭಾಷಣಗಳನ್ನು ಗಮನಿಸಿದರೆ, ಅಂಕಿ, ದಿನಾಂಕ, ಊರು, ಹೆಸರು—ಸ್ನಿಕ್ ಕಚೇರಿಯ ರಾತ್ರಿಯ ವರದಿಯ ಬಿಗಿಯೇ ಅವುಗಳಲ್ಲಿಯೂ ಎದ್ದು ಕಾಣುವುದು. ಇಪ್ಪತ್ತನೆಯ ಶತಮಾನದ ನಾಯಕರ ಭಾಷಣಗಳಲ್ಲಿ ನೂರಕ್ಕೆ ತೊಂಬತ್ತು ಪಾಲು ಗಾಳಿಯೆಂದು ಬೇಸತ್ತವರಿಗೆ ಇವು ಪಥ್ಯವಾದಾವು.

ಅವರ ತರಗತಿಯ ಪಾಠಗಳು 2021ರಲ್ಲಿ, ಪತ್ನಿ ಪಮೆಲಾ ಹೊರೋವಿಟ್ಸ್ ಮತ್ತು ಒಂದು ಕಾಲದಲ್ಲಿ ವಿದ್ಯಾರ್ಥಿನಿಯಾಗಿದ್ದ ಇತಿಹಾಸಕಾರ್ತಿ ಜೀನ್ ಥಿಯೋಹಾರಿಸ್ ಅವರ ಸಂಪಾದಕತ್ವದಲ್ಲಿ ಗ್ರಂಥವಾಗಿ ಬಂದವು. ಆಂದೋಲನವೆಂದರೆ ಮಹಾಪುರುಷನೊಬ್ಬನ ಕಥೆಯಲ್ಲ, ಹೆಸರಿಲ್ಲದವರು ಹಳ್ಳಿ ಹಳ್ಳಿಗಳಲ್ಲಿ ವರ್ಷಾಂತರಗಳ ಕಾಲ ಮಾಡಿದ ಸಂಘಟನೆಯ ಫಲ ಎಂಬುದು ಆ ಪಾಠಗಳ ಪ್ರತಿಪಾದನೆ. ಕಿಂಗರ ಕೈಕೆಳಗೆ ತತ್ತ್ವಶಾಸ್ತ್ರವನ್ನು ಅಭ್ಯಾಸ ಮಾಡಿದ ಬೆರಳೆಣಿಕೆಯ ಶಿಷ್ಯರಲ್ಲಿ ಒಬ್ಬರಾಗಿದ್ದವರು ಇದನ್ನು ಹೇಳಿದುದರಿಂದ ಅದಕ್ಕೆ ಇಮ್ಮಡಿ ತೂಕ. ಭಾಷಣಗಳು ಹೀಗೆ ಬೆಳಕಿಗೆ ಬಂದವು, ಪಾಠಗಳು ಬಂದವು. ನಡುವಣ ಆ ಇಪ್ಪತ್ತು ವರ್ಷ, ವರ್ಷಕ್ಕೆ ನಲವತ್ತು ದಿನದಂತೆ, ಜಾರ್ಜಿಯದ ಸಭಾಂಗಣದಲ್ಲಿ ಕಳೆದ ಕಾಲ ಮಾತ್ರ ಇನ್ನೂ ತನ್ನ ಚರಿತ್ರೆಕಾರನನ್ನು ಕಾಯುತ್ತಿದೆ; 184 ಮಂದಿ ಬೇಡವೆಂದ ಸದಸ್ಯನು ಒಳಗೆ ಬಂದ ಮೇಲೆ ಅವರೊಡನೆ ಹೇಗೆ ಏಗಿದನೆಂಬುದನ್ನು ತಿಳಿಯಬಯಸುವವನು ತೀರ್ಪಿನ ಪುಟಗಳನ್ನು ಮುಚ್ಚಿ, ಕ್ಷೇತ್ರದ ಜನ ಬರೆದ ಅಹವಾಲುಗಳ ಪೆಟ್ಟಿಗೆಯನ್ನೇ ತೆರೆಯಬೇಕು.